ಕೆಂಪು ಕೋಟಿನ ಒಡೆತನ

ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠವನ್ನು ಓದಿದ ನನ್ನ ವಿದ್ಯಾರ್ಥಿಗಳಿಗೆ 1778ನೆಯ ಇಸವಿ ನೆನಪಿರಬಹುದು. ಆ ವರ್ಷ ಫ್ರಾನ್ಸ್ ಅಮೆರಿಕನ್ನರ ಪಕ್ಷ ವಹಿಸಿತು. ಫ್ರೆಂಚರು ತಮ್ಮ ಕರಾವಳಿಗೇ ಬಂದಿಳಿಯುವರೆಂಬ ಭೀತಿ ಇಂಗ್ಲೆಂಡನ್ನು ಆವರಿಸಿತು. ಕೆಂಟ್ ಪ್ರಾಂತದ ಕಾಕ್ಸ್‌ಹೀತ್ ಬಯಲಿನಲ್ಲಿ ಸೇನೆ ಬೀಡುಬಿಟ್ಟಿತು. ಪ್ರಾಂತೀಯ ಪಡೆಗಳಾದ ಮಿಲಿಷಿಯಾಗಳನ್ನು ಮುನ್ನಡೆಸುತ್ತಿದ್ದವರು ಸಿರಿವಂತ ಭೂಮಾಲೀಕರು. ಅವರ ಮಡದಿಯರೂ ಬೀಡಿಗೆ ಬಂದರು.

ಆಗ ಹಬ್ಬಿದ ಹೊಸ ಉಡುಗೆಯೆಂದರೆ ಸಮವಸ್ತ್ರವನ್ನು ಹೋಲುವ ಸವಾರಿ ಉಡುಪು. ಮೇಲೆ ಗಂಡನ ಪಡೆಯ ಬಣ್ಣದ ಕೋಟು, ಒಳಗೆ ವೇಸ್ಟ್‌ಕೋಟು, ಕೆಳಗೆ ಮಾತ್ರ ಉದ್ದನೆಯ ಲಂಗ. ಸ್ತ್ರೀಯರ ಗೌನುಗಳನ್ನು ಸ್ತ್ರೀಯರೇ ಹೊಲಿಯುತ್ತಿದ್ದ ಕಾಲದಲ್ಲಿ ಇದನ್ನು ಹೊಲಿದುಕೊಡುತ್ತಿದ್ದವರು ಗಂಡಸರ ದರ್ಜಿಗಳು. ಡೆವನ್‌ಷೈರಿನ ಡಚೆಸ್ ಜಾರ್ಜಿಯಾನಾ, ತನ್ನ ಪತಿಯ ಡರ್ಬಿಷೈರ್ ಪಡೆಯ ಮಾದರಿಯ ಉಡುಪು ತೊಟ್ಟು ಈ ಶೈಲಿಗೆ ಹೆಸರು ತಂದಳು.

ಇಂಥದೇ ಉಡುಪಿನಲ್ಲಿ ಲೇಡಿ ವರ್ಸ್ಲಿಯನ್ನು ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಚಿತ್ರಿಸಿದ್ದಾನೆ. ಆ ಚಿತ್ರ ಇಂದಿಗೂ ಯಾರ್ಕ್‌ಷೈರಿನ ಹೇರ್‌ವುಡ್ ಹೌಸ್‌ನಲ್ಲಿದೆ. ಹ್ಯಾಂಪ್‌ಷೈರ್ ಪಡೆಯ ಕೆಂಪು ಕೋಟು, ಗರಿಯಿಟ್ಟ ಕರಿಯ ಹ್ಯಾಟು, ಕೈಯಲ್ಲಿ ಚಾವಟಿ. ನಿಂತ ಗತ್ತು ಸೇನಾಪತಿಯದೇ.

ಆದರೆ ಆ ಕೋಟು ಕಾನೂನಿನ ಕಣ್ಣಿನಲ್ಲಿ ಆಕೆಯದಾಗಿರಲಿಲ್ಲ. ಅಂದಿನ ಇಂಗ್ಲಿಷ್ ಕಾನೂನಿನಂತೆ ವಿವಾಹಿತ ಸ್ತ್ರೀಯ ಚರಾಸ್ತಿಯೆಲ್ಲ ಗಂಡನಿಗೆ ಸೇರಿದ್ದು. ಉಟ್ಟ ಬಟ್ಟೆಯೂ ಅದಕ್ಕೆ ಹೊರತಲ್ಲ. 1781ರಲ್ಲಿ ಆಕೆ ಪತಿಯನ್ನು ತೊರೆದು, ಅವನ ಪಡೆಯವನೇ ಆದ ಕ್ಯಾಪ್ಟನ್ ಬಿಸೆಟ್‌ನೊಡನೆ ಹೊರಟುಹೋದಳು. ಪತಿ ಆಕೆಯ ಉಡುಗೆ ತೊಡುಗೆಗಳನ್ನು ಕೊಡಲೊಪ್ಪಲಿಲ್ಲ. ಬಿಸೆಟ್‌ನಿಂದ 20,000 ಪೌಂಡ್ ಪರಿಹಾರ ಕೋರಿ ಮೊಕದ್ದಮೆಯನ್ನೂ ಹೂಡಿದ. ಹೆಂಡತಿಯ ನಡತೆಗೆ ಪತಿಯ ಸಮ್ಮತಿಯೇ ಇದ್ದಿತೆಂದು ಕಂಡ ಜ್ಯೂರಿ 1782ರಲ್ಲಿ ಅವನಿಗೆ ಕೊಡಿಸಿದ್ದು ಒಂದೇ ಒಂದು ಷಿಲಿಂಗ್!

ವಿವಾಹಿತ ಸ್ತ್ರೀಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು ನೀಡಿದ ಶಾಸನ ಇಂಗ್ಲೆಂಡಿನಲ್ಲಿ ಬಂದದ್ದು 1882ರಲ್ಲಿ. ಆ ತೀರ್ಪಿನಿಂದ ಸರಿಯಾಗಿ ನೂರು ವರ್ಷಗಳ ನಂತರ. 1917ರಲ್ಲಿ ಮಹಿಳಾ ಸಹಾಯಕ ಪಡೆ ರಚನೆಯಾದಾಗ ಸ್ತ್ರೀಯರು ಖಾಕಿ ಧರಿಸಿದರು. ಅದು ಗಂಡನ ಪಡೆಯ ಅನುಕರಣೆಯಲ್ಲ, ತಮ್ಮದೇ ದುಡಿಮೆಯ ಉಡುಪು. ಆದರೂ ಸೇನಾಧಿಕಾರಿಯ ಪದವಿಗಳನ್ನು ಅವರಿಗೆ ಅಂದು ನೀಡಲಿಲ್ಲ.

ಭುಜಪಟ್ಟಿಯ ಕೋಟುಗಳನ್ನು ಇಂದು ನಮ್ಮ ಹೆಣ್ಣುಮಕ್ಕಳು ಸಹಜವಾಗಿ ತೊಡುತ್ತಾರೆ. ಅಧಿಕಾರದ ಉಡುಪು ಸ್ತ್ರೀಗೆ ಬೇಗನೆ ದೊರೆಯಿತು; ಅಧಿಕಾರ ದೊರೆಯಲು ಬಹುಕಾಲ ಹಿಡಿಯಿತು. ಉಡುಪಿನ ಚರಿತ್ರೆಯನ್ನು ಓದುವಾಗ ಈ ಅಂತರವನ್ನೂ ಗಮನಿಸಬೇಕು.