ಎರೆಮಣ್ಣಿನ ಎತ್ತು: ಕೃಷ್ಣಾ ಕಣಿವೆ ತಳಿ

ಮಳೆ ಬಿದ್ದರೆ ಕಾಲು ಕೀಳಲಾಗದಷ್ಟು ಅಂಟುವ ಎರೆಮಣ್ಣು, ಅದರಲ್ಲಿ ಆಳವಾಗಿ ಇಳಿದ ನೇಗಿಲು. ಎಳೆಯಲು ವೇಗಕ್ಕಿಂತ ಮೈಕಸುವು ಬೇಕು. ಅದಕ್ಕೆಂದೇ 19ನೇ ಶತಮಾನದ ಕೊನೆಯಲ್ಲಿ ಸಾಂಗ್ಲಿ ಸಂಸ್ಥಾನದ ಆಶ್ರಯದಲ್ಲಿ ಗಿರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ಸ್ಥಳೀಯ ಆಕಳುಗಳೊಂದಿಗೆ ಕೂಡಿಸಿ ಈ ತಳಿ ಬೆಳೆಸಿದರು. ಬೂದು-ಬಿಳಿ ಮೈ, ಉಬ್ಬಿದ ಹಣೆ, ಚಿಕ್ಕ ಬಾಗುಕೊಂಬು, ಜೋಲುವ ಗಂಗೆದೊಗಲು ಇದರ ಗುರುತು.

ಈ ರಕ್ತ ಸಮುದ್ರವನ್ನೂ ದಾಟಿತು. ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ‘ಬ್ರಾಹ್ಮನ್’ ತಳಿಯ ಮೂಲಗಳಲ್ಲಿ ಕೃಷ್ಣಾ ಕಣಿವೆಯ ಹೆಸರೂ ಇದೆ. ಬಿಸಿಲು, ಉಣ್ಣೆಹುಳು ಎರಡನ್ನೂ ತಾಳುವ ಗುಣಕ್ಕೆ ಅಲ್ಲಿನವರು ಮನಸೋತಿದ್ದರು. 1924ರಲ್ಲಿ ತಳಿಗಾರರ ಸಂಘ ಕಟ್ಟಿ, ವಂಶಾವಳಿ ದಾಖಲಿಸಿ, ಪ್ರದರ್ಶನ ನಡೆಸಿ ಜಗತ್ತಿಗೆಲ್ಲ ಪರಿಚಯಿಸಿದರು.

ನಮ್ಮಲ್ಲಿ ಆ ಕೆಲಸ ಮಾಡಿದ್ದು ಜಾತ್ರೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನಗಳ ಪೇಟೆಗೆ ತಿಕೋಟಾ, ಬಬಲೇಶ್ವರದ ಕಡೆಯ ರೈತರು ಹೋರಿ ಹೊಡೆದುಕೊಂಡು ಬರುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸಿನ ಮೇಲೆ ಗುಂಪು ಮಾಡಿ ನೋಡುತ್ತಾರೆ. ಬಾಯಿ ಬಿಡಿಸಿ ಹಲ್ಲು ಎಣಿಸುವವರಿಗೆ ಕಾಗದ ಬೇಕಿಲ್ಲ, ನಿಜ. ಆದರೆ ಅಜ್ಜ-ಮುತ್ತಜ್ಜ ಹೋರಿ ಯಾವುದೆಂದು ಬರೆದಿಡದ ನಷ್ಟ ಸಣ್ಣದಲ್ಲ. ಈಗ ಪೇಟೆಯಲ್ಲಿ ಕಿಲಾರಿ ತಳಿಯದೇ ಮೆರೆದಾಟ. ಟ್ರ್ಯಾಕ್ಟರ್ ಬಂದ ಮೇಲೆ ಕೃಷ್ಣಾ ಕಣಿವೆ ಎತ್ತು ವಿರಳ.

ಜಾತ್ರೆಗೆ ಹೋದರೆ ಎತ್ತಿನ ಕೊರಳ ಗೊಂಡೆ, ಗೆಜ್ಜೆ ಆಮೇಲೆ ನೋಡಿ. ಮೊದಲು ಗೊರಸು, ಹೆಗಲು, ನಡಿಗೆ ನೋಡಿ. ಸಾಕಿದವರನ್ನು ಅದರ ತಾಯಿ-ತಂದೆ ಬಗ್ಗೆ ಕೇಳಿ.