ಹಳೆಯ ಹೊಲಿಗೆ ಮಿಷನ್ನಿಗೆ ಹೊಸ ಶಕ್ತಿ

ಹೊಲಿಗೆ ಯಂತ್ರವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ವಿದ್ಯಾರ್ಥಿಗಳು ಒಂದೆರಡು ಹೆಸರು, ಒಂದೆರಡು ಇಸವಿ ಬರೆದು ಮುಗಿಸುತ್ತಾರೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದರು. ಉತ್ತರ ಸರಿ, ಆದರೆ ಅರ್ಧ ಮಾತ್ರ. ಉಳಿದರ್ಧ ತಿಳಿಯಬೇಕಾದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಅಥವಾ ಪಾವಗಡದ ಪೇಟೆಬೀದಿಯಲ್ಲಿ ದರ್ಜಿಯೊಬ್ಬರ ಅಂಗಡಿಯ ಮುಂದೆ ನಿಂತು ನೋಡಬೇಕು. ಮೇಲೆ ಎರಕದ ಕಬ್ಬಿಣದ ಕಪ್ಪು ಮಿಷನ್ನು, ಅದರ ಬೆನ್ನಿಗೆ ಪುಟ್ಟ ಮೋಟಾರು, ಕೆಳಗೆ ಇನ್ನೂ ಕಳಚದೆ ಉಳಿದ ಕಾಲುಪಟ್ಟಿ. ಇಂತಹ ಜೋಡಣೆ ಅಪರೂಪವೇನಲ್ಲ. ಮೂರು ಕಾಲಘಟ್ಟಗಳು ಅಲ್ಲಿ ಒಂದೇ ಮೇಜಿನ ಮೇಲೆ ಕೂಡಿವೆ.

ಸಿಂಗರ್ ಕಂಪನಿಯ ಯಂತ್ರಗಳು 19ನೇ ಶತಮಾನದ ಕೊನೆಯ ಭಾಗದಲ್ಲಿಯೇ ಭಾರತಕ್ಕೆ ಬಂದವು. ಬೆಲೆ ಹೆಚ್ಚಾದ್ದರಿಂದ ಕಂತಿನ ಮೇಲೆ ಮಾರುವ ಪದ್ಧತಿಯೂ ಜೊತೆಗೇ ಬಂತು. ಕೈ ಮಿಷನ್ನಿನಲ್ಲಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಮೂರು ಹೊಲಿಗೆ ಬೀಳುತ್ತದೆ. ಆದರೆ ಬಲಗೈ ಹಿಡಿಗೇ ಮೀಸಲು. ಬಟ್ಟೆಯನ್ನು ಎಡಗೈ ಒಂದೇ ನಡೆಸಬೇಕು. ಕಾಲುಪಟ್ಟಿ ಜೋಡಿಸಿದಾಗ ಎರಡು ಕೈಗಳೂ ಬಿಡುವಾದವು. ಕೆಳಗಿನ ದೊಡ್ಡ ಚಕ್ರದ ವ್ಯಾಸ ಮೇಲಿನ ಚಿಕ್ಕ ಚಕ್ರದ ನಾಲ್ಕರಷ್ಟಿದ್ದರೆ ಒಂದು ತುಳಿತಕ್ಕೆ ನಾಲ್ಕು ಹೊಲಿಗೆ. ನಿಮಿಷಕ್ಕೆ 80 ಬಾರಿ ತುಳಿದರೆ 320 ಹೊಲಿಗೆ. ಚಕ್ರ ಮತ್ತು ಬೆಲ್ಟಿನ ಈ ಲೆಕ್ಕವೇ ದರ್ಜಿಯ ದಿನಗೂಲಿಯ ಲೆಕ್ಕವೂ ಹೌದು.

1930ರ ದಶಕದಲ್ಲಿ ಕಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ಹೆಸರಿನ ಯಂತ್ರವನ್ನು ತಯಾರಿಸತೊಡಗಿತು. ಮುಂದೆ ಲೂಧಿಯಾನ ನಗರ ಹೊಲಿಗೆ ಯಂತ್ರ ಹಾಗೂ ಬಿಡಿಭಾಗಗಳ ದೊಡ್ಡ ಕೇಂದ್ರವಾಯಿತು. ಸಿಂಗರ್ 15ನೇ ಮಾದರಿಯ ರಚನೆಯನ್ನು ಜಪಾನ್ ಮತ್ತು ಭಾರತದ ಅನೇಕ ತಯಾರಕರು ಅನುಸರಿಸಿದರು. ಇದರಿಂದ ಸೂಜಿ, ಬಾಬಿನ್, ಫುಟ್ಟು, ಬೆಲ್ಟುಗಳ ಅಳತೆ ಬಹುಮಟ್ಟಿಗೆ ಒಂದೇ ಆಯಿತು. ಅಜ್ಜಿಯ ಕಾಲದ ಮಿಷನ್ನಿಗೆ ಇಂದು ಕೊಂಡ ಫುಟ್ಟು ಹೊಂದುವುದು ಈ ಕಾರಣದಿಂದ. ನೇರ ಹೊಲಿಗೆಯನ್ನಷ್ಟೇ ಬಲ್ಲ ಯಂತ್ರಕ್ಕೆ ಅಂಚು ಮಡಿಸುವ, ನೆರಿಗೆ ಹಿಡಿಯುವ, ಕಾಜಾ ಹಾಕುವ ಉಪಕರಣಗಳನ್ನು ಒಂದು ತಿರುಪಿನಿಂದ ಸೇರಿಸಬಹುದು.

ಯಂತ್ರಮೋಹವನ್ನು ಟೀಕಿಸುತ್ತಿದ್ದ ಗಾಂಧೀಜಿಯವರು 1924ರಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಪ್ರಕಟವಾದ ಸಂಭಾಷಣೆಯೊಂದರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಯಂತ್ರವು ಮನುಷ್ಯನ ಅಂಗಗಳನ್ನು ಜಡಗೊಳಿಸಬಾರದು ಎಂಬುದು ಅವರ ಒರೆಗಲ್ಲಾಗಿತ್ತು. ದಿನವಿಡೀ ಕಾಲುಪಟ್ಟಿ ತುಳಿಯುವವರ ಮಂಡಿ, ಸೊಂಟಗಳ ನೋವನ್ನು ನೆನೆದರೆ ಮೋಟಾರು ಆ ಒರೆಗಲ್ಲಿನಲ್ಲಿ ಗೆಲ್ಲುತ್ತದೆ. ವಯಸ್ಸಾದವರಿಗೆ, ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡವರಿಗೆ ಅದು ಅನ್ನದ ದಾರಿ.

ಆದರೆ ಮೋಟಾರಿಗೆ ವಿದ್ಯುತ್ತು ಬೇಕು. 1990ರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುತ್ತಿದ್ದುದನ್ನು ಹಿರಿಯರು ಮರೆತಿಲ್ಲ. ಹಬ್ಬದ ಹಿಂದಿನ ದಿನ ದೀಪ ಆರಿದರೆ ದರ್ಜಿಯ ಮಾತು ತಪ್ಪುತ್ತದೆ, ಗಿರಾಕಿ ದೂರವಾಗುತ್ತಾನೆ. ಮೋಟಾರು ಹಾಕಿಸಿದ ಮೇಲೂ ಕಾಲುಪಟ್ಟಿಯನ್ನು ಕಳಚದಿರುವ ಜಾಣತನಕ್ಕೆ ಇದೇ ಕಾರಣ. ಬೆಲ್ಟು ಬದಲಿಸಿದರೆ ಕೆಲಸ ಮುಂದುವರಿಯುತ್ತದೆ.

ಇತ್ತೀಚಿನ ಮಾರ್ಪಾಡು ಸೂರ್ಯನಿಂದ ಬಂದದ್ದು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಬಳಗವು ಹೊಲಿಗೆ ಮಿಷನ್ನುಗಳನ್ನು ಸೌರಶಕ್ತಿಯಿಂದ ನಡೆಸುವ ವ್ಯವಸ್ಥೆಯನ್ನು ಕರ್ನಾಟಕದಲ್ಲಿ ಬಳಕೆಗೆ ತಂದಿದೆ. ಸೌರಫಲಕ ಮತ್ತು ಬ್ಯಾಟರಿ ಕೊಡುವುದು ಏಕಮುಖ ವಿದ್ಯುತ್ತು. ಮನೆಯ ಕರೆಂಟಿನ ಮೋಟಾರಿಗೆ ಅದನ್ನು ಇನ್ವರ್ಟರಿನಿಂದ ಬದಲಿಸಬೇಕು, ಬದಲಿಸುವಾಗ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಏಕಮುಖ ವಿದ್ಯುತ್ತಿನ ದಕ್ಷ ಮೋಟಾರನ್ನೇ ಜೋಡಿಸಿದರೆ ಚಿಕ್ಕ ಫಲಕ, ಚಿಕ್ಕ ಬ್ಯಾಟರಿ ಸಾಕಾಗುತ್ತದೆ.

ಪಾವಗಡದಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಬರಪೀಡಿತವಾದ ಈ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅದರ ಮೊದಲ ಹಂತ 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಜಮೀನು ಉಳ್ಳವರಿಗೆ ಗುತ್ತಿಗೆ ಹಣ ಬರುತ್ತದೆ; ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರು ಬೇರೆ ಕಸುಬು ಹುಡುಕಬೇಕಾಯಿತು. ಅಂತಹ ಮನೆಯ ಹೆಣ್ಣುಮಗಳೊಬ್ಬಳು ಹೊಲಿಗೆ ಕಲಿತರೆ ಅವಳಿಗೆ ಬೇಕಾದ ವಿದ್ಯುತ್ತು ನೂರು ವಾಟಿನ ಆಸುಪಾಸು. ಮೆಗಾವಾಟುಗಳ ಊರಿನಲ್ಲಿ ಆ ನೂರು ವಾಟು ಅವಳ ಮಿಷನ್ನಿಗೆ ತಪ್ಪದೆ ತಲುಪುವುದೇ ಪ್ರಗತಿಯ ಪರೀಕ್ಷೆ.

ಹೋವ್ ಮತ್ತು ಸಿಂಗರ್ ಯಂತ್ರವನ್ನು ಕೊಟ್ಟರು. ಅದಕ್ಕೆ ಕಾಲನ್ನು, ಮೋಟಾರನ್ನು, ಸೂರ್ಯನನ್ನು ಜೋಡಿಸಿ ಇಂದಿಗೂ ದುಡಿಯುವಂತೆ ಮಾಡಿದವರು ಹೆಸರಿಲ್ಲದ ರಿಪೇರಿಗಾರರು ಮತ್ತು ದರ್ಜಿಗಳು. ಮುಂದಿನ ಬಾರಿ ಬಟ್ಟೆ ಹೊಲಿಸಲು ಹೋದಾಗ ಆ ಮಿಷನ್ನಿನ ವಯಸ್ಸೆಷ್ಟು, ಅದಕ್ಕೆ ಏನೇನು ಸೇರಿತು ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಊರಿನ ಇತಿಹಾಸದ ಒಂದು ಪುಟ ನಿಮ್ಮ ಕೈಯಲ್ಲೇ ಸಿದ್ಧವಾಗುತ್ತದೆ.