ಮಾಂಸದ ಬದಲಿಗೆ ಏನು?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಮಾರ್ಗದ ಊರುಗಳು. ಮೂರೂ ಕಡೆ ಕಿರಾಣಿ ಅಂಗಡಿಯಲ್ಲಿ ‘ಮೀಲ್ ಮೇಕರ್’ ಎಂದರೆ ಸಾಕು, ಸೋಯಾ ಉಂಡೆಗಳನ್ನು ತೂಗಿ ಕೊಡುತ್ತಾರೆ. ಮಾಂಸ ಮುಟ್ಟದ ನೆರೆಮನೆಯ ಅಜ್ಜಿ ಅದು ಮಾಂಸದಂತಿದೆ ಎಂದು ದೂರವಿಡುತ್ತಾರೆ. ನಮ್ಮ ಮಕ್ಕಳು ಅದು ಮಾಂಸದಂತಿಲ್ಲ ಎಂದು ತಟ್ಟೆಯ ಅಂಚಿಗೆ ಸರಿಸುತ್ತಾರೆ!

ನಮ್ಮ ಅಡುಗೆಮನೆಗಳಿಗೆ ಬದಲಿ ಹೊಸತೇನಲ್ಲ. ಅರ್ಧ ಕಿಲೋ ಮಾಂಸದಲ್ಲಿ ಹನ್ನೆರಡು ಜನರಿಗೆ ಬಡಿಸಬೇಕಾದ ತಾಯಂದಿರು ಕಡಲೆಬೇಳೆ, ಸೋರೆಕಾಯಿ, ಹುಣಸೆಹುಳಿ ಹಾಕಿ ದಾಲ್ಚಾ ಕುದಿಸಿದರು. ಮಾಂಸ ಹೆಸರಿಗೆ ಮಾತ್ರ, ಹೊಟ್ಟೆ ತುಂಬಿಸಿದ್ದು ಬೇಳೆ. ಆದರೂ ಅದನ್ನು ಯಾರೂ ಬದಲಿ ಎನ್ನಲಿಲ್ಲ.

ಬದಲಿಯನ್ನು ಲೆಕ್ಕ ಹಾಕಿ ತಯಾರಿಸಿದ್ದು ಮೈಸೂರಿನಲ್ಲಿ. 1950ರಲ್ಲಿ ಅಲ್ಲಿನ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ ‘ವಿವಿಧೋದ್ದೇಶ ಆಹಾರ’ ಎಂಬ ಹಿಟ್ಟನ್ನು ರೂಪಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಹುರಿದ ಕಡಲೆ ಹಿಟ್ಟು ಕಾಲು ಪಾಲು, ಜೊತೆಗೆ ಜೀವಸತ್ವಗಳು. ನೂರು ಗ್ರಾಮಿಗೆ ಸುಮಾರು 40 ಗ್ರಾಂ ಪ್ರೋಟೀನು, ಅಂದರೆ ಕುರಿಮಾಂಸದ ಇಮ್ಮಡಿ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಶೇಂಗಾ ಹಿಂಡಿಯ ಬೂಷ್ಟಿನಲ್ಲಿ ವಿಷವಿರುವುದು ಪತ್ತೆಯಾಯಿತು. ಅನುಮಾನ ಶೇಂಗಾಕ್ಕೂ ಅಂಟಿತು. ಅನುಮಾನವಿಲ್ಲದಿದ್ದರೂ ಆ ಹಿಟ್ಟು ಮದುವೆಯ ಊಟದವರೆಗೆ ಬರುತ್ತಿತ್ತೆಂದು ನಮಗನಿಸುವುದಿಲ್ಲ. ಊಟಕ್ಕೆ ಕೂತವರು ಪ್ರೋಟೀನು ಎಷ್ಟೆಂದು ಕೇಳುವುದಿಲ್ಲ, ಇದು ಯಾರ ಊಟ ಎಂದು ಕೇಳುತ್ತಾರೆ. ಬಡವರ ಹಿಟ್ಟೆಂದು ಹೆಸರಾದದ್ದನ್ನು ಬಡವರೂ ಬಯಸುವುದಿಲ್ಲ.

ಸೋಯಾ ಬಂದ ದಾರಿ ಬೇರೆ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ತಳ್ಳಿ ನಾರುನಾರಾಗಿಸುವ ಯಂತ್ರ ವಿದ್ಯೆ 1960ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಯಿತು. ನಮ್ಮಲ್ಲಿ ಅದು ದಾನವಾಗಿ ಬರಲಿಲ್ಲ, ಅಂಗಡಿಯ ಸರಕಾಗಿ ಬಂತು. ಸ್ವಂತ ರುಚಿ ಇಲ್ಲದ ಅದು ಮಸಾಲೆಯನ್ನು ಹೀರುತ್ತದೆ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಹಿಡಿದರೆ ನೋಡಲು ಸಾಕ್ಷಾತ್ ಮಾಂಸವೇ.

ಆ ಕೆಂಪೇ ಒಮ್ಮೆ ಪೇಚಿಗೆ ಸಿಲುಕಿಸಿತು. ರಾಣೆಬೆನ್ನೂರಿನ ಮದುವೆಯೊಂದರಲ್ಲಿ ಸಸ್ಯಾಹಾರಿ ಗೆಳೆಯರಿಗಾಗಿ ಬೇರೆ ಪಾತ್ರೆಯಲ್ಲಿ ಸೋಯಾ ಬಿರಿಯಾನಿ ಮಾಡಿಸಿದ್ದೆವು. ಒಬ್ಬರು ತುಂಡೊಂದನ್ನು ಬೆರಳಲ್ಲಿ ಹಿಡಿದು ನಮ್ಮ ಮುಖ ನೋಡಿದರು. “ಕಾಳಿಂದ ಮಾಡಿದ್ದರೀ” ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ತಿಂದರು.

ಇದೇ ಅಳುಕು ಶಾಲೆಯ ಅಂಗಳಕ್ಕೂ ಬಂತು. 2021ರ ಡಿಸೆಂಬರಿನಲ್ಲಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ ಕೆಲವು ಮಠಾಧೀಶರು ವಿರೋಧಿಸಿದರು. 2022ರಲ್ಲಿ ಯೋಜನೆ ಹಾವೇರಿ ಸೇರಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಮೈಸೂರಿನ ವಿಜ್ಞಾನಿಗಳು ನೆಚ್ಚಿದ್ದ ಶೇಂಗಾ ಹೀಗೆ ಪಾಕ ಹಚ್ಚಿಕೊಂಡು ಮತ್ತೆ ಮಕ್ಕಳ ಕೈಗೆ ಬಂದಿತ್ತು. ಸಕ್ಕರೆ, ಕೊಬ್ಬು ಹೆಚ್ಚೆಂದು 2025ರಲ್ಲಿ ಚಿಕ್ಕಿಯನ್ನು ನಿಲ್ಲಿಸಲಾಯಿತು. ಮೊಟ್ಟೆ ತಿನ್ನದ ಮಗುವಿಗೆ ಉಳಿದದ್ದು ಬಾಳೆಹಣ್ಣು. ಮೊಟ್ಟೆಯಲ್ಲಿ ಪ್ರೋಟೀನು ಸುಮಾರು ಆರು ಗ್ರಾಂ, ಬಾಳೆಹಣ್ಣಿನಲ್ಲಿ ಒಂದು.